ಜರಡಿಯ ಲೆಕ್ಕ: ಲೋಹದ ಪುಡಿಯ ಕಾರ್ಖಾನೆಯಲ್ಲಿ ನಾನು ಹಣ ಹೂಡಿದ ಬಗೆ

ಪೀಣ್ಯದ ಟೂಲ್ ರೂಮ್‌ಗಳಲ್ಲಿ ಇಪ್ಪತ್ತೆರಡು ವರ್ಷ ಗುಣಮಟ್ಟ ಪರಿಶೀಲನೆಯ ಕೆಲಸ ಮಾಡಿ ಹೊರಬಂದ ಮೇಲೆ, ಉಳಿತಾಯದ ಒಂದು ಭಾಗವನ್ನು ನನಗೆ ಅರ್ಥವಾಗುವ ಉದ್ಯಮದಲ್ಲಿಯೇ ತೊಡಗಿಸಬೇಕೆಂದು ನಿಶ್ಚಯಿಸಿದ್ದೆ. ಮೆಟಲ್ 3ಡಿ ಪ್ರಿಂಟಿಂಗ್ ಯಂತ್ರಗಳಿಗೆ ಬೇಕಾದ ಲೋಹದ ಪುಡಿಯನ್ನು ತಯಾರಿಸುವ ಸಣ್ಣ ಕಂಪನಿಯೊಂದು ಬಂಡವಾಳ ಹುಡುಕುತ್ತಿದೆಯೆಂದು 2021ರ ಕೊನೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಷೇರುಪೇಟೆಗೆ ಬಾರದ ಖಾಸಗಿ ಕಂಪನಿ ಅದು. ಹೆಸರು ಇಲ್ಲಿ ಬೇಡ.

ಕುಲುಮೆಯಲ್ಲಿ ಕರಗಿದ ಲೋಹವನ್ನು ಸಣ್ಣ ರಂಧ್ರದಿಂದ ಧಾರೆಯಾಗಿ ಇಳಿಬಿಟ್ಟು, ಅದರ ಮೇಲೆ ಅಧಿಕ ಒತ್ತಡದ ಆರ್ಗಾನ್ ಅನಿಲ ಹಾಯಿಸಿದರೆ ಧಾರೆ ಒಡೆದು ಹನಿಗಳಾಗುತ್ತದೆ. ಆ ಹನಿಗಳು ಗೋಪುರದೊಳಗೆ ಕೆಳಗಿಳಿಯುವಷ್ಟರಲ್ಲಿ ಗಟ್ಟಿಯಾಗಿ ದುಂಡನೆಯ ಕಾಳುಗಳಾಗುತ್ತವೆ. ಬಂದವರಿಗೆಲ್ಲ ಪ್ರವರ್ತಕರು ಮೊದಲು ತೋರಿಸುತ್ತಿದ್ದುದು ಈ ಗೋಪುರವನ್ನೇ. ನಾನು ಹೆಚ್ಚು ಹೊತ್ತು ನಿಂತದ್ದು ಅದರ ಪಕ್ಕದ ಜರಡಿಯ ಬಳಿ. ಲೇಸರ್‌ನಿಂದ ಪದರ ಪದರವಾಗಿ ಕರಗಿಸುವ ಯಂತ್ರಗಳಿಗೆ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಳತೆಯ ಪುಡಿ ಬೇಕು. ಆದರೆ ಒಂದು ಹೀಟ್‌ನಲ್ಲಿ, ಅಂದರೆ ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹದಿಂದ, ಬರುವ ಪುಡಿಯೆಲ್ಲ ಈ ಅಳತೆಗೆ ಸೇರುವುದಿಲ್ಲ. ಅವರ ಹೀಟ್ ರಿಜಿಸ್ಟರನ್ನು ಕೇಳಿ ಪಡೆದು, ಹಿಂದಿನ ಹಲವು ತಿಂಗಳ ಪುಟಗಳನ್ನು ಮಗುಚಿದಾಗ, ನೂರು ಕಿಲೋ ಕರಗಿಸಿದರೆ ಈ ಅಳತೆಗೆ ದಕ್ಕುತ್ತಿದ್ದುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಎಂಬುದು ಕಂಡಿತು. ನನಗೆ ಕೊಟ್ಟಿದ್ದ ಐದು ವರ್ಷದ ಅಂದಾಜುಪಟ್ಟಿಯಲ್ಲಾದರೋ ನೂರಕ್ಕೆ ನೂರು ಕಿಲೋವೂ ಮೇಲಿನ ದರಕ್ಕೇ ಮಾರಾಟವಾಗಿತ್ತು.

ಉಳಿದ ಪುಡಿ ವ್ಯರ್ಥವೆಂದೇನಲ್ಲ. ತೀರಾ ನುಣ್ಣನೆಯದು ಪುಡಿಯನ್ನು ಅಚ್ಚಿಗೆ ಒತ್ತಿ ಭಾಗಗಳನ್ನು ಮಾಡುವ ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್‌ನವರಿಗೆ, ದಪ್ಪನೆಯದು ಲೋಹದ ಮೇಲೆ ಲೋಹದ ಲೇಪ ಕೂರಿಸುವ ಲೇಸರ್ ಕ್ಲ್ಯಾಡಿಂಗ್‌ನವರಿಗೆ ಹೋಗುತ್ತದೆ. ಗಿರಾಕಿ ಸಿಗದಿದ್ದರೆ ಮತ್ತೆ ಕುಲುಮೆಗೇ ಸುರಿಯಬಹುದು. ಆದರೆ ವಿದ್ಯುತ್ತು ಮತ್ತು ಆರ್ಗಾನ್ ಖರ್ಚಾಗುವುದು ಪೂರ್ತಿ ನೂರು ಕಿಲೋಗೆ. ಒಳ್ಳೆಯ ದರ ದೊರೆಯುವುದು ಮೂರನೇ ಒಂದಕ್ಕೆ ಮಾತ್ರ. ಅಂದಾಜುಪಟ್ಟಿಯನ್ನು ಈ ಆಧಾರದ ಮೇಲೆ ಹೊಸದಾಗಿ ಬರೆದಾಗ, ಎರಡನೆಯ ವರ್ಷದಲ್ಲೇ ಕಾಣಿಸಿದ್ದ ಲಾಭ ನಾಲ್ಕನೆಯ ವರ್ಷಕ್ಕೆ ಸರಿಯಿತು. ಆ ಹಾಳೆಯನ್ನು ಮುಂದಿಟ್ಟಾಗ ಪ್ರವರ್ತಕರು ವಾದಿಸಲಿಲ್ಲ. ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಆ ದಿನವೇ.

ಎರಡನೆಯ ಭೇಟಿಯಲ್ಲಿ ಹರಿವಿನ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸಿದೆ. ಹಾಲ್ ಫನೆಲ್ ಎನ್ನುವ ಆಲಿಕೆಯ ತಳದಲ್ಲಿ ಎರಡೂವರೆ ಮಿಲಿಮೀಟರಿನಷ್ಟು ರಂಧ್ರವಿರುತ್ತದೆ. 50 ಗ್ರಾಂ ಪುಡಿ ಅದರಿಂದ ಎಷ್ಟು ಸೆಕೆಂಡಿನಲ್ಲಿ ಇಳಿಯುತ್ತದೆಂದು ಅಳೆಯುತ್ತಾರೆ. ಮೊದಲ ಮಾದರಿ ಹದಿನೇಳು ಸೆಕೆಂಡಿನಲ್ಲಿ ನೀರಿನಂತೆ ಹರಿದುಹೋಯಿತು. ಅದೇ ಮಿಶ್ರಲೋಹದ ಮತ್ತೊಂದು ಲಾಟ್ ಮಾತ್ರ ಆಲಿಕೆಯಲ್ಲೇ ಕೂತಿತು. ಲ್ಯಾಬಿನ ಹುಡುಗ ಅಂಚನ್ನು ಬೆರಳಿನಿಂದ ಒಮ್ಮೆ ತಟ್ಟಿದ, ಮತ್ತೊಮ್ಮೆ ತಟ್ಟಿದ, ಮೂರನೆಯ ಸಲ ನನ್ನ ಮುಖ ನೋಡಿ ತಟ್ಟಿದ. ಪರೀಕ್ಷೆಯ ನಿಯಮ ಒಪ್ಪುವುದು ಒಂದೇ ಒಂದು ಹಗುರವಾದ ತಟ್ಟನ್ನು. "ಸರ್, ಮಳೆ ಹಿಡಿದಿದೆಯಲ್ಲ, ಪುಡಿ ತೇವ ಎಳೆದುಕೊಂಡಿರಬೇಕು" ಎಂದ. ಇರಬಹುದು, ಆದರೆ ತೇವ ಎಳೆದುಕೊಳ್ಳುವ ಹಾಗೆ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟವರು ಯಾರೆಂಬುದು ಮುಂದಿನ ಪ್ರಶ್ನೆ. ಪುಡಿ ಸಮನಾಗಿ ಹರಿಯದಿದ್ದರೆ ಪ್ರಿಂಟರಿನೊಳಗೆ ಪದರ ಸಮನಾಗಿ ಹರಡುವುದಿಲ್ಲ, ಭಾಗದೊಳಗೆ ಪೊಳ್ಳು ಉಳಿಯುತ್ತದೆ.

2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕಲ್ ದರ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಬೇಕಾಯಿತು. ಕಂಪನಿ ಪುಡಿ ಮಾಡುವ ಮಿಶ್ರಲೋಹಗಳಲ್ಲೊಂದಾದ ಇನ್ಕೊನೆಲ್ 718ರಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್ಲೇ ಇರುವುದರಿಂದ ನಾನು ಕರಾರುಪತ್ರಕ್ಕೆ ಸಹಿ ಹಾಕುವುದನ್ನು ಎರಡು ತಿಂಗಳು ಮುಂದೂಡಿ, ಮೂಲಲೋಹದ ದರ ಏರಿಳಿದಂತೆ ಮಾರಾಟದ ದರವೂ ಬದಲಾಗುವ ಷರತ್ತು ಗಿರಾಕಿಗಳ ಜೊತೆಗಿನ ಒಪ್ಪಂದಗಳಲ್ಲಿ ಇದೆಯೇ ಎಂದು ಒಂದೊಂದನ್ನೂ ಓದಿ ನೋಡಿದೆ. ಆಮೇಲೆ, ಮುಂದೆ ಕಡ್ಡಾಯವಾಗಿ ಈಕ್ವಿಟಿಗೆ, ಅಂದರೆ ಸಾಮಾನ್ಯ ಷೇರುಗಳಿಗೆ, ಪರಿವರ್ತನೆಯಾಗುವ ಆದ್ಯತಾ ಷೇರುಗಳ ರೂಪದಲ್ಲಿ, ಎರಡು ಕಂತುಗಳಲ್ಲಿ ಹಣ ಕೊಡುವುದೆಂದು ಒಪ್ಪಿದೆ.

ಎರಡನೆಯ ಕಂತಿನ ವಿಷಯದಲ್ಲಿ ನಮಗೆ ಮನಸ್ತಾಪವಾಯಿತು. ಪ್ರವರ್ತಕರಿಗೆ ಇನ್ನೂ ದೊಡ್ಡ ಕುಲುಮೆ ಬೇಕಿತ್ತು. ಅಷ್ಟರಲ್ಲಿ ಗಿರಾಕಿಯೊಬ್ಬರು 718ರ ಒಂದು ಪೂರ್ತಿ ಲಾಟನ್ನು ವಾಪಸು ಕಳುಹಿಸಿದರು: ಅದೇ ಜರಡಿಯಲ್ಲಿ ಅದಕ್ಕೂ ಮೊದಲು ಸೋಸಿದ್ದ ಸ್ಟೇನ್‌ಲೆಸ್ ಸ್ಟೀಲಿನ ಕಾಳುಗಳು ಬಲೆಯ ಅಂಚಿನಲ್ಲಿ ಉಳಿದು ಇದರೊಳಗೆ ಬೆರೆತಿದ್ದವು. ಕಣ್ಣಿಗೆ ಎರಡೂ ಒಂದೇ ಬೂದುಬಣ್ಣ; ಬೆರೆತ ಮೇಲೆ ಬೇರ್ಪಡಿಸುವ ದಾರಿಯಿಲ್ಲ. ನಿಕಲ್ ಮಿಶ್ರಲೋಹಕ್ಕೆಂದೇ ಪ್ರತ್ಯೇಕ ಜರಡಿ ಮತ್ತು ಪ್ಯಾಕಿಂಗ್ ಕೋಣೆ ಮಾಡಿದರೆ ಮಾತ್ರ ಉಳಿದ ಹಣ ಎಂದು ಪಟ್ಟು ಹಿಡಿದೆ. ಆರು ತಿಂಗಳು ನಮ್ಮ ನಡುವೆ ಪತ್ರಗಳಷ್ಟೇ ಓಡಾಡಿದವು.

2024ರ ಮೇ ತಿಂಗಳಲ್ಲಿ, ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತದ ಪಿಎಸ್4 ಎಂಜಿನ್ನನ್ನು 3ಡಿ ಪ್ರಿಂಟಿಂಗ್‌ನಲ್ಲಿ ಮಾಡಿ ಇಸ್ರೋ ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಸಿದ ಸುದ್ದಿ ಬಂತು. 14 ಬಿಡಿಭಾಗಗಳು ಒಂದೇ ಆಗಿದ್ದವು, 19 ಬೆಸುಗೆಗಳು ಇಲ್ಲವಾಗಿದ್ದವು. "ಅಣ್ಣ, ಇನ್ನು ನಮ್ಮನ್ನು ಹಿಡಿಯುವವರಿಲ್ಲ" ಎಂದು ನನ್ನಂತೆಯೇ ಹಣ ಹಾಕಿದ್ದ ಗೆಳೆಯರೊಬ್ಬರು ಫೋನ್ ಮಾಡಿದರು. ನಾನು ಅದೇ ಸುದ್ದಿಯ ಇನ್ನೊಂದು ಸಾಲನ್ನು ಓದಿ ಹೇಳಿದೆ: ಹಳೆಯ ವಿಧಾನದಲ್ಲಿ 565 ಕಿಲೋ ಲೋಹ ಬೇಕಾಗುತ್ತಿದ್ದ ಎಂಜಿನ್ನಿಗೆ ಈಗ ಸಾಕಾಗುವುದು 13.7 ಕಿಲೋ ಪುಡಿ. ಒಂದು ರಾಕೆಟ್ಟಿಗೆ ಎರಡು ಎಂಜಿನ್ ಎಂದರೂ 27.4 ಕಿಲೋ; ನೂರು ಕಿಲೋದ ಒಂದೇ ಹೀಟ್‌ನಲ್ಲಿ ಅಷ್ಟು ತೂಕದ ಪುಡಿ ಜರಡಿಯಿಂದ ಇಳಿದು ಇನ್ನೂ ಐದಾರು ಕಿಲೋ ಮಿಗುತ್ತದೆ. ಸಾಲದೆಂಬಂತೆ, ಪ್ರಿಂಟರಿನಲ್ಲಿ ಕರಗದೆ ಉಳಿದ ಪುಡಿಯನ್ನು ಸೋಸಿ ಮರುಬಳಕೆ ಮಾಡುತ್ತಾರೆ. ಕೊಳ್ಳುವವನಿಗೆ ಈ ತಂತ್ರಜ್ಞಾನದ ಹಿರಿಮೆಯಿರುವುದೇ ಲೋಹದ ಉಳಿತಾಯದಲ್ಲಿ, ಮಾರುವವನಿಗೆ ಅದೇ ತೊಡಕು. ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮಾತು ಮಕ್ಕಳ ಶಾಲೆಯ ಕಡೆಗೆ ತಿರುಗಿಸಿದರು.

ಈ ಲೆಕ್ಕವನ್ನು ಪ್ರವರ್ತಕರಿಗೂ ಕಳುಹಿಸಿದೆ. ದೊಡ್ಡ ಕುಲುಮೆಯ ಮಾತು ಅಲ್ಲಿಗೆ ನಿಂತಿತು. ಆ ವರ್ಷದ ಕೊನೆಗೆ ಎರಡನೆಯ ಜರಡಿ ಬಂತು, ನಾನು ಉಳಿದ ಕಂತನ್ನು ಕಟ್ಟಿದೆ. ಲಾಟ್ ವಾಪಸು ಕಳುಹಿಸಿದ್ದ ಗಿರಾಕಿಯೂ ಹದಿನಾಲ್ಕು ತಿಂಗಳು ಮಾದರಿಗಳನ್ನು ಪರೀಕ್ಷಿಸಿ ಮತ್ತೆ ಒಪ್ಪಿಕೊಂಡರು. ಒಮ್ಮೆ ಒಂದು ಪುಡಿಯನ್ನು ಒಪ್ಪಿದ ವಿಮಾನದ ಭಾಗಗಳ ತಯಾರಕರು ಅದನ್ನು ಬದಲಿಸಬೇಕಾದರೆ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕಾಗುವುದರಿಂದ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ನನ್ನ ಷೇರುಗಳಿಗೆ ಇನ್ನೂ ಕೊಳ್ಳುವವರಿಲ್ಲ, ಲಾಭಾಂಶ ಬಂದಿಲ್ಲ. ಪ್ರತಿ ತಿಂಗಳ ವರದಿಯಲ್ಲಿ ನಾನು ಮೊದಲು ನೋಡುವುದು, ಮಾರಾಟವಾಗದೆ ಗೋದಾಮಿನಲ್ಲಿ ಕೂತ ದಪ್ಪ ಪುಡಿ ಎಷ್ಟು ಕಿಲೋ ಎಂಬ ಸಾಲನ್ನು. ಕಳೆದ ನಾಲ್ಕು ತಿಂಗಳಿಂದ ಅದು ಇಳಿಯುತ್ತಿದೆ.