ಕಿಡ್ನಿಯ ಕೋಶಕ್ಕೆ ಇನ್ಸುಲಿನ್ ಹಾಕಿ ನೋಡಿದ್ದು: ನನ್ನ ಅನುಭವ

ಡಯಾಬಿಟಿಸ್ ಇದ್ದವರ ಕಿಡ್ನಿ ಕೆಡುವುದು ಸಕ್ಕರೆ ಜಾಸ್ತಿಯಾಗಿ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಇನ್ಸುಲಿನ್‌ಗೆ ಕಿಡ್ನಿಯೊಳಗೇ ಬೇರೆ ಕೆಲಸ ಇದೆಯಾ? ಲ್ಯಾಬಿನಲ್ಲಿ ನಾನು ಹಿಡಿದದ್ದು ಈ ಪ್ರಶ್ನೆ.

ನೋಡಿದ್ದು ಪೋಡೋಸೈಟ್ ಕೋಶಗಳನ್ನು. ರಕ್ತ ಸೋಸುವ ಸಣ್ಣ ನಾಳಗಳನ್ನು ಇವು ಹೊರಗಿನಿಂದ ಕಾಲು ಚಾಚಿ ತಬ್ಬಿಕೊಂಡಿರುತ್ತವೆ. ಕಾಲುಗಳ ಸಂದಿಯಲ್ಲಿ ನೀರು ಇಳಿಯುತ್ತದೆ, ಆಲ್ಬುಮಿನ್ ಎಂಬ ಪ್ರೋಟೀನ್ ಬಹುಪಾಲು ರಕ್ತದಲ್ಲೇ ಉಳಿಯುತ್ತದೆ.

ಬಲಿತ ಪೋಡೋಸೈಟ್ ಮರಿ ಹಾಕುವುದಿಲ್ಲ. ಹಾಗಾಗಿ ವೈರಸ್ಸಿನ ಒಂದು ಜೀನ್ ಸೇರಿಸಿದ ಮಾನವ ಕೋಶಗಳನ್ನು ಬಳಸಿದೆ. 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವು ಹೆಚ್ಚುತ್ತವೆ. 37ಕ್ಕೆ ಏರಿಸಿದರೆ ಆ ಜೀನ್ ಸುಮ್ಮನಾಗುತ್ತದೆ, 10ರಿಂದ 14 ದಿನದಲ್ಲಿ ಕೋಶ ಬಲಿಯುತ್ತದೆ. ಇಲ್ಲಿ ಆತುರ ಪಡಬಾರದು. ಕಾಲುಗಳ ಸಂದಿಯಲ್ಲಿ ಜರಡಿ ಕಟ್ಟುವ ನೆಫ್ರಿನ್ ಪ್ರೋಟೀನ್ ಸರಿಯಾಗಿ ಬಾರದ ಕೋಶ ಇನ್ಸುಲಿನ್‌ಗೆ ಓಗೊಡುವುದಿಲ್ಲ.

ನಿಜವಾದ ತಲೆನೋವು ಕೋಶಕ್ಕೆ ಊಟ ಕೊಡುವ ದ್ರಾವಣ. ಆರ್‌ಪಿಎಂಐ 1640 ಎಂಬ ದ್ರಾವಣದಲ್ಲಿ ಗ್ಲೂಕೋಸ್ ಸುಮಾರು 11 ಮಿಲಿಮೋಲಾರ್, ಅಂದರೆ ಆರೋಗ್ಯವಂತರ ಖಾಲಿ ಹೊಟ್ಟೆಯ ರಕ್ತಕ್ಕಿಂತ ಎರಡು ಪಟ್ಟು. ಮೇಲಿಂದ ಬೆರೆಸುವ ಐಟಿಎಸ್ ಪುಷ್ಟಿಯಲ್ಲಿ ಇನ್ಸುಲಿನ್ನೇ ಇದೆ, ಅದೂ ದೇಹದಲ್ಲಿರುವುದರ ಸಾವಿರಾರು ಪಟ್ಟು! ಸದಾ ಇನ್ಸುಲಿನ್‌ನಲ್ಲಿ ಮುಳುಗಿದ ಕೋಶಕ್ಕೆ ಇನ್ನಷ್ಟು ಹಾಕಿದರೆ ಏನು ಗೊತ್ತಾಗುತ್ತದೆ, ಅಲ್ವಾ? ಅದಕ್ಕೇ ಹಿಂದಿನ ರಾತ್ರಿಯೇ ಸೀರಮ್ (ರಕ್ತದ ತಿಳಿ) ಮತ್ತು ಇನ್ಸುಲಿನ್ ಎರಡೂ ಇಲ್ಲದ ದ್ರಾವಣಕ್ಕೆ ಬದಲಿಸುತ್ತಿದ್ದೆ.

ಬೆಳಿಗ್ಗೆ 100 ನ್ಯಾನೋಮೋಲಾರ್ ಇನ್ಸುಲಿನ್, 15 ನಿಮಿಷ. ತಕ್ಷಣ ತಟ್ಟೆ ಐಸ್ ಮೇಲೆ. ಪ್ರೋಟೀನುಗಳನ್ನು ಗೆರೆಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಫಾಸ್ಫೇಟ್ ಅಂಟಿದ ಎಕೆಟಿ (ಇನ್ಸುಲಿನ್ ಸಂದೇಶ ದಾಟಿಸುವ) ಪ್ರೋಟೀನಿನ ಗೆರೆ ದಪ್ಪವಾದರೆ ಸಂದೇಶ ಒಳಗೆ ತಲುಪಿದೆ ಎಂದರ್ಥ. ಒಟ್ಟು ಎಕೆಟಿಯನ್ನೂ ಜೊತೆಗೇ ಅಳೆಯಬೇಕು, ಇಲ್ಲದಿದ್ದರೆ ಆ ಗೆರೆಗೆ ಬೆಲೆಯಿಲ್ಲ. ಹೆಚ್ಚು ಗ್ಲೂಕೋಸ್ ಕೊಟ್ಟ ತಟ್ಟೆಯ ಪಕ್ಕದಲ್ಲಿ ಅಷ್ಟೇ ಮ್ಯಾನಿಟಾಲ್ (ಕೋಶ ಬಳಸಿಕೊಳ್ಳದ ಪದಾರ್ಥ) ಹಾಕಿದ ತಟ್ಟೆಯನ್ನೂ ಇಡುತ್ತಿದ್ದೆ. ಆಗುವ ಬದಲಾವಣೆ ಸಕ್ಕರೆಯದೋ, ಬರೀ ದ್ರಾವಣದ ಸಾಂದ್ರತೆಯದೋ ಅಂತ ತಿಳಿಯಬೇಕಲ್ಲ. ಪಾಲ್ಮಿಟೇಟ್ ಎಂಬ ಕೊಬ್ಬಿನಲ್ಲಿ ನೆನೆಸಿದ ಕೋಶಗಳಲ್ಲಿ ಎಕೆಟಿ ಗೆರೆ ಮಂಕಾಯಿತು. ಇನ್ಸುಲಿನ್ ಇದ್ದೂ ಕೇಳಿಸದ ಸ್ಥಿತಿ ಅದು.

ಇದರಿಂದ ಕಿಡ್ನಿಗೇನು? ಉತ್ತರ 2010ರಲ್ಲಿ ಪ್ರಕಟವಾದ ಇಲಿ ಪ್ರಯೋಗದಲ್ಲಿದೆ. ಪೋಡೋಸೈಟ್‌ಗಳಲ್ಲಿ ಮಾತ್ರ ಇನ್ಸುಲಿನ್ ಗ್ರಾಹಕ (ಇನ್ಸುಲಿನ್ ಬಂದು ಅಂಟುವ ಪ್ರೋಟೀನ್) ತೆಗೆದ ಇಲಿಗಳವು. ರಕ್ತದ ಸಕ್ಕರೆ ಸರಿಯಿತ್ತು, ಆದರೂ ಮೂತ್ರದಲ್ಲಿ ಆಲ್ಬುಮಿನ್ ಸೋರಿತು.

ಹಾಗಂತ ಯಾರೂ ಇನ್ಸುಲಿನ್ ಡೋಸ್ ಏರಿಸಿಕೊಳ್ಳಬೇಡಿ. ಇನ್ಸುಲಿನ್ ಒಡೆಯುವ ಕೆಲಸದಲ್ಲಿ ಕಿಡ್ನಿಯದೂ ದೊಡ್ಡ ಪಾಲಿದೆ. ಅದು ಸೋತಂತೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ತೀರಾ ಇಳಿಯಬಹುದು. ಎಷ್ಟೋ ಜನರಿಗೆ ವೈದ್ಯರು ಆಗ ಡೋಸ್ ಇಳಿಸುತ್ತಾರೆ.