ಹಳೆಯ ಕಾರಿನ ಕೂಲಿಂಗ್ ವ್ಯವಸ್ಥೆಯನ್ನು ಮನೆಯಲ್ಲೇ ತೊಳೆದ ಅನುಭವ

ಚಾರ್ಮಾಡಿ ಘಾಟಿ ಏರುವಾಗ ನಮ್ಮ ಹಳೆಯ ಪೆಟ್ರೋಲ್ ಕಾರಿನ ಉಷ್ಣತೆಯ ಮುಳ್ಳು ಕೆಂಪು ಗೆರೆಯ ಸಮೀಪಕ್ಕೆ ಹೋಗುತ್ತಿತ್ತು. ಎಂಜಿನ್ ಪೂರ್ಣವಾಗಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆರೆದರೆ, ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿದ್ದರಿಂದ, ಒಳಗೆ ತುಕ್ಕಿನ ಕೆಸರೂ ಸುಣ್ಣದ ಪದರವೂ ಕಂಡವು.

ಕೆಳಗಿನ ಹೋಸ್ ಬಿಚ್ಚಿ ದ್ರವವನ್ನು ಅಗಲವಾದ ಪಾತ್ರೆಗೆ ಇಳಿಸಿದೆ. ಕೂಲೆಂಟಿನಲ್ಲಿ, ಅಂದರೆ ಎಂಜಿನ್ ತಣಿಸುವ ದ್ರವದಲ್ಲಿ, ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿಯಾದರೂ ವಿಷ. ನಾಯಿ ನೆಕ್ಕದಂತೆ ಅದನ್ನು ಮುಚ್ಚಿಡಲೇಬೇಕು.

ಬಳಿಕ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ದ್ರವವನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದು, ರೇಡಿಯೇಟರಿನ ಕೆಳಬಾಯಿಯಿಂದ ಮೇಲಕ್ಕೆ, ಅಂದರೆ ದ್ರವವು ಸಹಜವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಕಡಿಮೆ ಒತ್ತಡದಲ್ಲಿ ನೀರು ಹಾಯಿಸಿದಾಗ, ನೇರ ಹರಿವಿಗೆ ಕದಲದಿದ್ದ ಕೆಸರೆಲ್ಲ ಸಡಿಲಗೊಂಡು ಹೊರಬಂತು. ಎಂಜಿನ್ ಬ್ಲಾಕನ್ನೂ, ಇದೇ ದ್ರವದ ಬಿಸಿಯಿಂದ ಕಾರಿನ ಒಳಗನ್ನು ಬೆಚ್ಚಗಾಗಿಸುವ ಹೀಟರನ್ನೂ ಪ್ರತ್ಯೇಕವಾಗಿ ತೊಳೆದೆ. ಹೀಟರನ್ನು ಮರೆತರೆ ಅಲ್ಲುಳಿದ ಕೊಳೆ ಹೊಸ ಕೂಲೆಂಟನ್ನೂ ಕೆಡಿಸುತ್ತದೆ. ಹಳೆಯ ಥರ್ಮೋಸ್ಟಾಟ್ ಕುದಿಯುವ ನೀರಿನಲ್ಲಿಯೂ ತೆರೆಯದ ಕಾರಣ ಹೊಸದನ್ನು ಕೂರಿಸಿದೆ.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪ್ರಮಾಣದಲ್ಲಿ ಬೆರೆಸಿ, ತಣ್ಣನೆಯ ಎಂಜಿನ್ನನ್ನು ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಗಾಳಿಯ ಗುಳ್ಳೆಗಳು ನಿಲ್ಲುವವರೆಗೆ ತುಂಬಿದೆ. ಈಗ ಏರಿನಲ್ಲಿಯೂ ಉಷ್ಣತೆ ಸ್ಥಿರವಾಗಿದೆ. ಮೊದಲ ಓಡಾಟದ ಬಳಿಕ ಎಂಜಿನ್ ತಣಿದಾಗ ಮಟ್ಟ ತುಸು ಇಳಿದಿತ್ತು. ಅದೇ ಮಿಶ್ರಣವನ್ನು ಸೇರಿಸಿದೆ.