ಬೇರುಗಂಟು ಜಂತುಹುಳು ಯಾವ ಜಾತಿಯದು? ಮೈಟೊಕಾಂಡ್ರಿಯಾ ಡಿಎನ್‌ಎಯಿಂದ ಪತ್ತೆ ಮಾಡುವ ಕ್ರಮ

ಬಾಗಲಕೋಟೆ, ವಿಜಯಪುರದ ದಾಳಿಂಬೆ ತೋಟಗಳಲ್ಲಿ ಬೇರು ಗಂಟುಗಟ್ಟಿದ್ದರೆ ಅದು ಮೆಲಾಯ್ಡೊಗೈನ್ (ಬೇರುಗಂಟು ಜಂತುಹುಳುವಿನ ಕುಲ) ಎಂದು ನೋಡಿದ ಕೂಡಲೇ ಹೇಳಬಹುದು. ಜಾತಿ ಮಾತ್ರ ಗಂಟು ನೋಡಿ ತಿಳಿಯದು. ಆದರೆ ಮುಂದಿನ ಬೆಳೆಯ ನಿರ್ಧಾರ ಅದರ ಮೇಲೇ ನಿಂತಿದೆ: ಟೊಮೆಟೊ ತಳಿಗಳ ಎಂಐ ಜೀನ್ ಇನ್‌ಕಾಗ್ನಿಟಾ, ಜಾವಾನಿಕಾ ಜಾತಿಗಳನ್ನು ತಡೆಯುತ್ತದೆ, ಆದರೆ ಎಂಟರೊಲೋಬಿಯೈ ಜಾತಿ ಅದಕ್ಕೆ ಜಗ್ಗುವುದಿಲ್ಲ. ಮಣ್ಣಿನ ಶಾಖ 28 ಡಿಗ್ರಿ ದಾಟಿದರೆ ಆ ಜೀನಿನ ಬಲವೂ ಕುಗ್ಗುತ್ತದೆ, ನಮ್ಮ ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ.

ಬೇರನ್ನು ಹಸಿ ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿ, ನೆರಳಿನಲ್ಲಿ ತನ್ನಿ. ಬಿಸಿಲಿಗೆ ನಿಂತ ಗಾಡಿಯ ಡಿಕ್ಕಿಯಲ್ಲಿಟ್ಟರೆ ಹುಳು ಸತ್ತು ಡಿಎನ್‌ಎ ಹಾಳಾಗುತ್ತದೆ. ಮೈಕ್ರೊಸ್ಕೋಪಿನಡಿ ಗಂಟನ್ನು ಸೂಜಿಯಿಂದ ಬಿಡಿಸಿದರೆ ಸಣ್ಣ ಕತ್ತಿನ, ದುಂಡು ಮೈಯ ಬಿಳಿ ಹೆಣ್ಣು ಸಿಗುತ್ತದೆ. ಜೋರಾಗಿ ಒತ್ತಿದರೆ ಒಡೆದುಹೋಗುತ್ತದೆ, ನಿಧಾನ. ಒಂದು ಟ್ಯೂಬಿಗೆ ಒಂದೇ ಹೆಣ್ಣು. ಒಂದೇ ಗಿಡದಲ್ಲಿ ಎರಡು ಜಾತಿ ಇರಬಹುದು. ಹಲವನ್ನು ಕೂಡಿಸಿ ಅರೆದರೆ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಓದಲು ಬಾರದು.

ಜೀವಕೋಶ ಒಡೆಯುವ 20 ಮೈಕ್ರೊಲೀಟರ್ ಲೈಸಿಸ್ ಬಫರಿಗೆ (ಪ್ರೊಟೀನ್ ಕತ್ತರಿಸುವ ಎಂಜೈಮ್ ಪ್ರೊಟೀನೇಸ್-ಕೆ ಮಿಲಿಲೀಟರಿಗೆ 60 ಮೈಕ್ರೊಗ್ರಾಂ) ಹುಳು ಹಾಕಿ, ಫ್ರೀಜ್ ಮಾಡಿ, 65 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 95ರಲ್ಲಿ 10 ನಿಮಿಷ ಇಡಿ. ಕೊನೆಯ ಹಂತ ಬಿಟ್ಟರೆ ಉಳಿದ ಪ್ರೊಟೀನೇಸ್ ಮುಂದಿನ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಕ್ರಮ) ಎಂಜೈಮನ್ನೇ ತಿಂದುಹಾಕುತ್ತದೆ.

25 ಮೈಕ್ರೊಲೀಟರ್ ಪಿಸಿಆರಿಗೆ ಇದರ 2 ಮೈಕ್ರೊಲೀಟರ್ ಸಾಕು. ಸಿ2ಎಫ್3 ಮತ್ತು 1108 ಪ್ರೈಮರುಗಳು (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ಚೂರುಗಳು) ಮೈಟೊಕಾಂಡ್ರಿಯಾದ ಕಾಕ್ಸ್2 ಮತ್ತು 16ಎಸ್ ಜೀನುಗಳ ನಡುವಿನ ಭಾಗವನ್ನು ಹಿಡಿಯುತ್ತವೆ. ಜೆಲ್‌ನಲ್ಲಿ ಸುಮಾರು 1.7 ಕಿಲೋಬೇಸ್ ಬಂದರೆ ಇನ್‌ಕಾಗ್ನಿಟಾ ಅಥವಾ ಜಾವಾನಿಕಾ, 1.1 ಬಂದರೆ ಅರೆನೇರಿಯಾ, 0.7 ಬಂದರೆ ಎಂಟರೊಲೋಬಿಯೈ, 0.5ರ ಆಸುಪಾಸು ಬಂದರೆ ಹಾಪ್ಲಾ ಇರಬಹುದು. ಈ ಡಿಎನ್‌ಎಯಲ್ಲಿ ಎ, ಟಿ ಬಹಳ. ಪಟ್ಟಿ ಮಸುಕಾದರೆ ಎಕ್ಸ್‌ಟೆನ್ಶನ್ (ಪ್ರತಿ ಉದ್ದವಾಗುವ ಹಂತ) ಶಾಖ 72ರಿಂದ 65ಕ್ಕೆ ಇಳಿಸಿ ನೋಡಿ. ಕಲಬೆರಕೆ ಗೊತ್ತಾಗಲು ಹುಳುವಿನ ಡಿಎನ್‌ಎ ಇಲ್ಲದ, ಬರೀ ನೀರಿನ ಟ್ಯೂಬೊಂದು ಪ್ರತಿ ಸಲ ಇರಲೇಬೇಕು.

ಇನ್‌ಕಾಗ್ನಿಟಾ, ಜಾವಾನಿಕಾ ಬೇರ್ಪಡಿಸಲು ಮೈಟೊಕಾಂಡ್ರಿಯಾದ ನಾಡ್5 ಜೀನ್ ಸೀಕ್ವೆನ್ಸ್ ಮಾಡಿಸಿ. ಇವು ಮಿಶ್ರತಳಿ ಮೂಲದವು; ನ್ಯೂಕ್ಲಿಯರ್ ಡಿಎನ್‌ಎಯ ಭಾಗವಾದ ಐಟಿಎಸ್ ಒಂದನ್ನೇ ನಂಬಬೇಡಿ.

ಸೀಕ್ವೆನ್ಸನ್ನು ಪ್ರೊಟೀನಿಗೆ ಅನುವಾದಿಸುವಾಗ ಜೆನೆಟಿಕ್ ಕೋಡ್ 5 (ಅಕಶೇರುಕಗಳ ಮೈಟೊಕಾಂಡ್ರಿಯಾದ್ದು) ಆರಿಸಿ. ಸಾಮಾನ್ಯ ಕೋಡ್ 1 ಇಟ್ಟರೆ ಟ್ರಿಪ್ಟೊಫಾನ್ ಆಗಬೇಕಾದ ಟಿಜಿಎ ಸ್ಟಾಪ್ ಆಗಿ ಕಾಣುತ್ತದೆ, ಒಳ್ಳೆಯ ಸೀಕ್ವೆನ್ಸನ್ನು ನಕಲಿ ಜೀನ್ ಎಂದು ಎಸೆಯುವಂತಾಗುತ್ತದೆ.

ಮೈಟೊಕಾಂಡ್ರಿಯಾದ ಪೂರ್ತಿ ಜೀನೋಮ್ ಬೇಕಿರುವುದು ವಿಕಾಸದ ಪ್ರಶ್ನೆಗೆ. ಪ್ರಯೋಗಾಲಯದ ಪರಿಚಿತ ಜಂತುಹುಳು ಸೀನೋರಾಬ್ಡೈಟಿಸ್ ಎಲೆಗನ್ಸಿನದು 13,794 ಬೇಸ್, 36 ಜೀನ್; ಎಟಿಪಿ8 ಎಂಬ ಜೀನ್ ಇಲ್ಲ. ಜಾವಾನಿಕಾದಲ್ಲಿ 102 ಮತ್ತು 63 ಬೇಸಿನ ತುಣುಕುಗಳು ಸಾಲಾಗಿ ಮರುಕಳಿಸುವುದರಿಂದ ಶಾರ್ಟ್ ರೀಡ್ (ಚಿಕ್ಕ ಚಿಕ್ಕ ತುಣುಕಾಗಿ ಓದಿದ ಸೀಕ್ವೆನ್ಸ್) ಜೋಡಣೆ ಅಲ್ಲಿ ಕುಸಿಯುತ್ತದೆ, ಉದ್ದವಾಗಿ ಓದುವ ಲಾಂಗ್ ರೀಡ್ ಬೇಕು. ಟಿಆರ್‌ಎನ್‌ಎಗಳಿಗೆ (ಪ್ರೊಟೀನ್ ಕಟ್ಟಲು ಅಮೈನೊ ಆಮ್ಲ ಹೊತ್ತು ತರುವ ಅಣುಗಳು) ಮಾಮೂಲಿ ಆಕಾರದ ಒಂದು ತೋಳು ಇರುವುದಿಲ್ಲ, ಆದ್ದರಿಂದ ಸಾಫ್ಟ್‌ವೇರ್ ಬಿಟ್ಟವನ್ನು ಕೈಯಾರೆ ಹುಡುಕಿ. ಮೈಟೊಕಾಂಡ್ರಿಯಾ ತಾಯಿಯ ಕಡೆಯ ವಂಶವನ್ನಷ್ಟೇ ಹೇಳುತ್ತದೆ, ಆದ್ದರಿಂದ ಮಿಶ್ರತಳಿಯ ತಂದೆ ಯಾರೆಂಬುದಕ್ಕೆ ನ್ಯೂಕ್ಲಿಯರ್ ಜೀನುಗಳನ್ನೂ ಸೀಕ್ವೆನ್ಸ್ ಮಾಡಿಸಿ.